ಟೋಪಿಗೆ ಎರಡು ಮೈಕ್, ಎದುರಿಗೆ ಮೆಟಲ್ ಶೋ

ಟೋಪಿಗೆ ಎರಡು ಪುಟ್ಟ ಮೈಕ್ ಸಿಕ್ಕಿಸಿಕೊಂಡು, ಜನರ ಮಧ್ಯೆ ನಿಂತು ಮೊನ್ನೆ ಮಾಡಿದ ಮೆಟಲ್ ಶೋ ರೆಕಾರ್ಡಿಂಗ್‌ನಲ್ಲಿ ಡಬಲ್ ಕಿಕ್‌ನ, ಅಂದರೆ ಡ್ರಮ್ಮರ್ ಎರಡೂ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್‌ನ, ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಿಸುತ್ತಿದೆ. ನಿಮಿಷಕ್ಕೆ 200 ಬೀಟ್‌ನ ಟೆಂಪೋದಲ್ಲಿ ಹದಿನಾರನೇ ನೋಟ್‌ಗಳು, ಬೀಟ್‌ಗೆ ನಾಲ್ಕು ಹೊಡೆತ, ಅಂದರೆ ಸೆಕೆಂಡಿಗೆ 13 ಹೊಡೆತಕ್ಕಿಂತ ಜಾಸ್ತಿ. ಒಂದೂ ಇನ್ನೊಂದರಲ್ಲಿ ಕಲೆಸಿಲ್ಲ. "ಮೆಟಲ್ ಶೋನ ಜನರ ಮಧ್ಯೆ ನಿಂತು ರೆಕಾರ್ಡ್ ಮಾಡಕ್ಕಾಗಲ್ಲ, ಬರೀ ಗುಂಯ್ ಅನ್ನುತ್ತೆ" ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. 1977ರಲ್ಲಿ ಮೈಕ್ ಮಿಲಾರ್ಡ್ ಅನ್ನುವ ಅಭಿಮಾನಿ ಗಾಲಿಕುರ್ಚಿಯಲ್ಲಿ ನಕಮಿಚಿ 550 ಕ್ಯಾಸೆಟ್ ಡೆಕ್ ಬಚ್ಚಿಟ್ಟುಕೊಂಡು ಹೋಗಿ ಲೆಡ್ ಜೆಪ್ಲಿನ್ ಶೋಗಳನ್ನು ಎಷ್ಟು ಚೆನ್ನಾಗಿ ಹಿಡಿದ ಅಂತ ಉದಾಹರಣೆ ಕೊಟ್ಟರೆ, "ಅದು ರಾಕ್, ಅಲ್ಲಿ ಹೊಡೆತಗಳ ಮಧ್ಯೆ ಜಾಗ ಇರುತ್ತೆ, ಇಲ್ಲೆಲ್ಲಿದೆ?" ಅನ್ನುತ್ತಿದ್ದರು. ಆ ಮಾತಲ್ಲಿ ಅರ್ಧ ನಿಜ ಇತ್ತು. ಅದಕ್ಕೇ ನನಗೆ ಐದು ವರ್ಷ, ಸುಮಾರು 30 ಶೋ ಬೇಕಾಯಿತು.

ಮೊದಲ ಆರೇಳು ಶೋ ಪೂರ್ತಿ ಹಾಳು. ಶಬ್ದವನ್ನು ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ ಆಫ್ ಮಾಡಿದ್ದೆ, ಸಿಗ್ನಲ್ ಹೆಚ್ಚಿಸುವ ಗೇನ್ ಇಳಿಸಿದ್ದೆ, ಮೀಟರ್ ಮೈನಸ್ 12 ಡಿಬಿ ದಾಟುತ್ತಿರಲಿಲ್ಲ (ರೆಕಾರ್ಡರ್‌ನ ಮಿತಿ ಸೊನ್ನೆ ಡಿಬಿ, ಅದಕ್ಕಿಂತ ಮೇಲೆ ಶಬ್ದ ಒಡೆಯುತ್ತದೆ). ಆದರೂ ಮನೆಗೆ ಬಂದು ಕೇಳಿದರೆ ಕಿಕ್ ಬಿದ್ದಾಗೆಲ್ಲ ಗಿಟಾರ್ ಹರಿದ ಬಟ್ಟೆಯ ಹಾಗೆ ಪರಪರ ಅನ್ನುತ್ತಿತ್ತು. ಇನ್ನೂ ಗೇನ್ ಇಳಿಸಿದೆ, ಅದೇ ಕಥೆ. ಒಂದು ರಾತ್ರಿ ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡುತ್ತಾ ಕೂತೆ. ಅಲೆಯ ತಲೆಗಳು ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ. ಆದರೆ ಸೊನ್ನೆ ಡಿಬಿಯಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ಕೆಳಗೆ, ಎಲ್ಲವೂ ಒಂದೇ ಎತ್ತರದಲ್ಲಿ. ಆಗ ಹೊಳೆಯಿತು, ಶಬ್ದ ಒಡೆಯುತ್ತಿರುವುದು ಗೇನ್ ಗುಂಡಿಗೆ ಬರುವ ಮೊದಲೇ ಅಂತ. ರೆಕಾರ್ಡರ್‌ನ ಮೈಕ್ ಜಾಕ್ ಕೊಡುವ ಎರಡು ಮೂರು ವೋಲ್ಟ್‌ನಲ್ಲಿ ಪುಟ್ಟ ಎಲೆಕ್ಟ್ರೆಟ್ ಮೈಕ್‌ಗೆ ಮೆಟಲ್ ಶೋ ತಡೆಯುವ ಶಕ್ತಿ ಇರಲ್ಲ. ಅದು ತಡೆದರೂ ಮುಂದೆ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್ ತಡೆಯಲ್ಲ. ಇದು ರೆಕಾರ್ಡ್ ಮಾಡುವವರಿಗೆಲ್ಲ ಗೊತ್ತಿರುವುದೇ. ನನಗೆ ಗೊತ್ತಾಗಲು ಒಂದು ವರ್ಷ ಹೋಯಿತು.

ದುಡ್ಡಿನ ಲೆಕ್ಕವನ್ನು ಟಿಕೆಟ್‌ನಲ್ಲೇ ಹೇಳುತ್ತೇನೆ, ನಾನು ಲೆಕ್ಕ ಇಡುವುದೂ ಹಾಗೆಯೇ. ಮೊದಲ ಮೈಕ್ ಜೋಡಿಗೆ ಒಂದು ಟಿಕೆಟ್‌ನಷ್ಟು ಹೋಯಿತು. ದಂಡ. ಎರಡನೆಯದಕ್ಕೆ ಮೂರು ಟಿಕೆಟ್, ಅದೂ ದಂಡ, ಅದರ ವೈರ್ ಬೇರೆ ಎರಡನೇ ಶೋಗೇ ಕಿತ್ತುಬಂತು. ಆಮೇಲೆ ಎಲ್ಲದಕ್ಕೂ ಪರಿಹಾರ 32 ಬಿಟ್ ಫ್ಲೋಟ್, ಅಂದರೆ ಲೆವೆಲ್ ಎಷ್ಟೇ ಏರಿದರೂ ಫೈಲ್‌ನಲ್ಲಿ ಶಬ್ದ ಒಡೆಯದ ರೆಕಾರ್ಡಿಂಗ್ ವಿಧಾನ, ಅಂತ ಯಾರೋ ಹೇಳಿದ್ದಕ್ಕೆ ಎಂಟು ಟಿಕೆಟ್‌ನ ದುಡ್ಡು ಸುರಿದು ಹೊಸ ರೆಕಾರ್ಡರ್ ತಂದೆ. ಫ್ಲೋಟ್ ಒಳ್ಳೆಯದೇ, ಲೆವೆಲ್ ಚಿಂತೆ ತಪ್ಪುತ್ತದೆ. ಆದರೆ ಮೈಕ್‌ನ ಬಾಯಲ್ಲೇ ಒಡೆದ ಶಬ್ದವನ್ನು ಅದು ಒಡೆದ ಹಾಗೇ ಬರೆದುಕೊಳ್ಳುತ್ತದೆ, ತುಂಬಾ ನಿಖರವಾಗಿ. ಅದನ್ನು ಮಾರಿದಾಗ ಅರ್ಧ ದುಡ್ಡು ವಾಪಸ್ ಬಂತು. ಆ ಅರ್ಧಕ್ಕೆ ಇನ್ನಷ್ಟು ಸೇರಿಸಿ, ಆರು ತಿಂಗಳು ಯಾವ ಶೋಗೂ ಹೋಗದೆ ಉಳಿಸಿ, ಡಿಪಿಎ 4061 ಅನ್ನುವ ಪುಟ್ಟ ಮೈಕ್ ಜೋಡಿ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡೆ. ಹತ್ತು ಹನ್ನೆರಡು ಟಿಕೆಟ್ ಆಗಿರಬೇಕು. ಎಲ್ಲರೂ ಹೇಳಿದ್ದು ಅದೇ ಕಂಪನಿಯ 4060 ತಗೋ, ಅದು ಜಾಸ್ತಿ ಸೂಕ್ಷ್ಮ ಅಂತ. ನನಗೆ ಬೇಕಿದ್ದದ್ದು ಸೂಕ್ಷ್ಮ ಕಮ್ಮಿ ಇರುವುದೇ! 4061 ಅದರ ಮೂರನೇ ಒಂದು ಭಾಗದಷ್ಟು ಮಾತ್ರ ಸಿಗ್ನಲ್ ಕೊಡುತ್ತದೆ, ಆದರೆ ಕಿವಿಗೆ ಬೀಳುವ ಶಬ್ದ 140 ಡಿಬಿ ದಾಟಿದ ಪೀಕ್‌ಗೂ, ಅಂದರೆ ಅತಿ ಜೋರಾದ ಕ್ಷಣಕ್ಕೂ, ಅಲ್ಲಾಡುವುದಿಲ್ಲ. ಇಲ್ಲಿ ನನ್ನ ಹಟ ಗೆದ್ದಿತು ಅಂತ ಹೇಳಿಕೊಳ್ಳಲು ಖುಷಿಯಾಗುತ್ತದೆ.

ಈಗಿನ ಜೋಡಣೆ ಇಷ್ಟೇ. ಮೈಕ್, 9 ವೋಲ್ಟ್ ಬ್ಯಾಟರಿ ಬಾಕ್ಸ್, ಅಲ್ಲಿಂದ ನೇರ ರೆಕಾರ್ಡರ್‌ನ ಲೈನ್ ಇನ್, ಅಂದರೆ ಜೋರು ಸಿಗ್ನಲ್ ತಡೆಯುವ ಜಾಕ್. ಮೈಕ್ ಜಾಕ್ ಮುಟ್ಟುವ ಹಾಗೇ ಇಲ್ಲ. ರೆಕಾರ್ಡರ್ ಹಳೆಯ ಸೋನಿ ಪಿಸಿಎಂ-ಎಂ10, 24 ಬಿಟ್, 48 ಕಿಲೋಹರ್ಟ್ಜ್, ಗಂಟೆಗೆ ಸುಮಾರು ಒಂದು ಜಿಬಿ. ಪೀಕ್ ಮೈನಸ್ 10ರ ಹತ್ತಿರ ಇದ್ದರೆ ಸಾಕು, ಅದಕ್ಕಿಂತ ಆಸೆ ಪಡಬೇಡಿ. ಬ್ಯಾಟರಿ ಬಾಕ್ಸ್ ನಾನೇ ಬೆಸುಗೆ ಹಾಕಿದ್ದು. ಅದರಲ್ಲಿ ಕೆಳಗಿನ ಬೇಸ್ ಸ್ವಲ್ಪ ಕತ್ತರಿಸುವ ಕೆಪಾಸಿಟರ್ ಇದೆ. ಎಷ್ಟು ಅಳತೆಯದ್ದು ಅಂತ ಈಗ ಹೇಳಲ್ಲ, ನಾಲ್ಕು ಬೇರೆಬೇರೆ ಅಳತೆಯವನ್ನು ಹಾಕಿ ತೆಗೆದು ಹುಡುಕಿದ್ದು. ಟೋಪಿ ಮೇಲೆ ಮೈಕ್ ಉಜ್ಜದ ಹಾಗೆ ಕೆಳಗೆ ಏನು ಇಡುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಆದರೆ ಸಲಕರಣೆಗಿಂತ ದೊಡ್ಡದು ನಿಲ್ಲುವ ಜಾಗ. ಇದನ್ನು ನಾನು ಎಷ್ಟು ಹೇಳಿದರೂ ಸಾಲದು. ನಡುಮಧ್ಯ, ಸೌಂಡ್ ಬೋರ್ಡ್ (ಎಂಜಿನಿಯರ್ ಶಬ್ದ ಬೆರೆಸುವ ಮಿಕ್ಸರ್) ಮುಂದೆ ನಿಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹತ್ತು ಶೋ ಅಲ್ಲೇ ನಿಂತೆ. ಪ್ರತಿ ಸಲ ಬೇಸ್ ಉಕ್ಕಿ ಗಿಟಾರ್ ಮುಳುಗಿತು. ಸಬ್‌ಗಳನ್ನು, ಅಂದರೆ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್‌ಗಳನ್ನು, ವೇದಿಕೆಯ ಎಡಕ್ಕೂ ಬಲಕ್ಕೂ ಇಟ್ಟಿದ್ದರೆ ಎರಡೂ ಕಡೆಯ ಬೇಸ್ ಒಂದೇ ಹೊತ್ತಿಗೆ ಬಂದು ಕೂಡುವ ಜಾಗ ಸರಿಯಾಗಿ ನಡುಗೆರೆ. ಎರಡು ಮೂರು ಹೆಜ್ಜೆ ಪಕ್ಕಕ್ಕೆ ಹೋದರೆ ಬೇರೆಯೇ ಶೋ! ಹಾಡಿನ ಮಧ್ಯೆ ನಿಧಾನವಾಗಿ ಪಕ್ಕಕ್ಕೆ ಸರಿದು ನೋಡಿ, ಎದೆಗೆ ಬೀಳುವ ಗುದ್ದು ಒಂದು ಕಡೆ ಸಡಿಲವಾಗುತ್ತದೆ. ಸ್ನೇರ್ ಡ್ರಮ್ ಇದ್ದಕ್ಕಿದ್ದ ಹಾಗೆ ಮುಂದೆ ಬರುತ್ತದೆ. ನಾನು ನಿಲ್ಲುವುದು ಅಲ್ಲೇ. ಹಿಂದಿನ ಗೋಡೆ ಬೇಡ, ಬಾಲ್ಕನಿ ಕೆಳಗಂತೂ ಬೇಡವೇ ಬೇಡ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಕನ್ನಡಕದ ಕಡ್ಡಿಗೆ ಮೈಕ್ ಅಂಟಿಸಿದೆ, ಚೆನ್ನಾಗಿತ್ತು, ಆದರೆ ಬೆವರು ಇಳಿದು ಒಂದು ಚಾನೆಲ್ ಅರ್ಧದಲ್ಲೇ ಮಂಕಾಯಿತು. ಅಂಗಿ ಕಾಲರ್‌ಗೆ ಹಾಕಿದಾಗ ಮುಂದಿನವರ ಬೆನ್ನೇ ಹೈ ಫ್ರೀಕ್ವೆನ್ಸಿಯನ್ನೆಲ್ಲ ನುಂಗಿಬಿಟ್ಟಿತು. ಒಂದು ಸಣ್ಣ ಹಾಲ್‌ನಲ್ಲಿ ಬೋರ್ಡ್‌ನಿಂದಲೂ ಫೀಡ್ ಸಿಕ್ಕಿತು. ಸ್ವರ್ಗ ಸಿಕ್ಕಿತು ಅಂದುಕೊಂಡೆ. ಕೇಳಿದರೆ ಬರೀ ಗಾಯಕ ಮತ್ತು ಕಿಕ್, ಗಿಟಾರೇ ಇಲ್ಲ. ಸಣ್ಣ ಜಾಗದಲ್ಲಿ ಆಂಪ್‌ಗಳೇ ಸಾಕಷ್ಟು ಕೂಗುವಾಗ ಎಂಜಿನಿಯರ್ ಅದನ್ನು ಬೋರ್ಡ್‌ನಲ್ಲಿ ಯಾಕೆ ಏರಿಸುತ್ತಾರೆ? ಎರಡನ್ನೂ ಬೆರೆಸಿದೆ. ಬೋರ್ಡ್‌ಗಿಂತ ನನ್ನ ಮೈಕ್ ಐವತ್ತು ಚಿಲ್ಲರೆ ಮಿಲಿಸೆಕೆಂಡ್ ಹಿಂದೆ, ಯಾಕಂದರೆ ನಾನು 18 ಮೀಟರ್ ದೂರ ನಿಂತಿದ್ದೆ. ಸರಿಸಿ ಕೂಡಿಸಿದೆ. ಮೂರನೇ ಹಾಡಿಗೆ ಮತ್ತೆ ಬೇರೆಬೇರೆ ಆಯಿತು. ಎರಡು ರೆಕಾರ್ಡರ್‌ಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದೂವರೆ ಗಂಟೆಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಡಬಲ್ ಕಿಕ್ ಕೆಸರಾಗುತ್ತದೆ. ಇಡೀ ಫೈಲನ್ನು ಕೂದಲೆಳೆಯಷ್ಟು ಎಳೆದು ಸರಿಮಾಡಿದೆ, ಎರಡು ವಾರ ಹೋಯಿತು. ಇನ್ನೊಮ್ಮೆ ಮಾಡಲ್ಲ.

ಈಗ ಕದ್ದು ಮಾಡುವುದನ್ನು ಬಿಟ್ಟಿದ್ದೇನೆ, ಬ್ಯಾಂಡ್‌ಗೆ ಮೊದಲೇ ಕೇಳುತ್ತೇನೆ. ಮೆಟಾಲಿಕಾದಂಥ ಬ್ಯಾಂಡೇ ತೊಂಬತ್ತರ ದಶಕದಲ್ಲಿ ಅಭಿಮಾನಿಗಳಿಗೆ ರೆಕಾರ್ಡ್ ಮಾಡಲು ಬಿಟ್ಟಿತ್ತು. ಕೇಳಿದರೆ ಚಿಕ್ಕ ಬ್ಯಾಂಡ್‌ಗಳು ಬಹಳಷ್ಟು ಸಲ ಒಪ್ಪುತ್ತವೆ, ಮಾರಬೇಡ ಅಂತ ಮಾತ್ರ ಹೇಳುತ್ತವೆ. ಮಾರುವ ಮಾತೇ ಇಲ್ಲ.

ಮೊನ್ನೆಯ ಶೋಗೂ ಹಾಗೇ ಕೇಳಿ ಹೋದೆ. ಸೌಂಡ್ ಎಂಜಿನಿಯರ್ ನನ್ನ ಟೋಪಿ ನೋಡಿ "ಇದರಲ್ಲಿ ಏನ್ ಬರುತ್ತೆ ಗುರು, ಸುಮ್ನೆ ಶೋ ನೋಡಿ" ಅಂದರು. ಮೊದಲ ಬ್ಯಾಂಡ್ ಆಡುವಾಗ ಲೆವೆಲ್ ಇಟ್ಟು, ಗುಂಡಿಗಳು ತಪ್ಪಿ ಒತ್ತಿಹೋಗದ ಹಾಗೆ ಹೋಲ್ಡ್ ಹಾಕಿ, ಜೇಬಿಗೆ ಸೇರಿಸಿದೆ. ಮತ್ತೆ ತೆಗೆಯಲಿಲ್ಲ. 70 ನಿಮಿಷ ಕತ್ತು ತಿರುಗಿಸಲಿಲ್ಲ, ತಿರುಗಿಸಿದರೆ ಇಡೀ ವೇದಿಕೆ ಹೆಡ್‌ಫೋನ್‌ನಲ್ಲಿ ತಿರುಗುತ್ತದೆ. ಹಾಡಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ನನಗೆ ತುಂಬಾ ಇಷ್ಟದ ಹಾಡು ಶುರುವಾದಾಗ ಹಲ್ಲು ಕಚ್ಚಿ ನಿಂತಿದ್ದೆ. ಎಡಗಡೆ ಒಬ್ಬ ಪ್ರತಿ ಹಾಡಿಗೂ ಗಂಟಲು ಹರಿಯುವಷ್ಟು ಕೂಗುತ್ತಿದ್ದ. ಅವನು ರೆಕಾರ್ಡಿಂಗ್‌ನಲ್ಲಿ ಇದ್ದಾನೆ, ಇರಲಿ, ಅವನಿಲ್ಲದೆ ಅದು ಆ ರಾತ್ರಿ ಆಗುವುದಿಲ್ಲ.

ಮನೆಯಲ್ಲಿ ಮಾಡಿದ್ದು ಕಮ್ಮಿ. 80 ಹರ್ಟ್ಜ್ ಸುತ್ತ ಮೂರು ಡಿಬಿ, 300ರ ಹತ್ತಿರ ಎರಡು ಡಿಬಿ ಇಳಿಸಿದೆ, ನಾಲ್ಕು ಕಿಲೋಹರ್ಟ್ಜ್ ಮೇಲೆ ಚೂರು ಎತ್ತಿದೆ. ಕಿಕ್‌ನ ಟಕ್ ಅನ್ನುವ ಶಬ್ದ ಇರುವುದು ಅಲ್ಲಿ. ಕಂಪ್ರೆಸರ್ ಹಾಕಲಿಲ್ಲ. ಹತ್ತಿರದವರು ಹೊಡೆದ ಸೀಟಿಗಳನ್ನು ಒಂದೊಂದಾಗಿ ಕೈಯಲ್ಲೇ ತಗ್ಗಿಸಿದೆ, ಒಂದು 40 ಇರಬಹುದು. ಮುಟ್ಟದ ಮೂಲ ಫೈಲ್ ಬೇರೆ ಡಿಸ್ಕ್‌ನಲ್ಲಿ ಹಾಗೇ ಇದೆ.

ಶಬ್ದ ಕೆಡದ ಹಾಗೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿ ಬ್ಯಾಂಡ್‌ಗೆ ಕಳಿಸಿದೆ. ಮೂರನೇ ದಿನ ಡ್ರಮ್ಮರ್ ಫೋನ್ ಮಾಡಿದರು. ಐದನೇ ಹಾಡಿನ ಕೊನೆಯಲ್ಲಿ ಎಡಗಾಲು ಒಂದು ಹೊಡೆತ ತಪ್ಪಿದ್ದು ಇದರಲ್ಲಿ ಕೇಳಿಸುತ್ತಿದೆ, ಬೋರ್ಡ್ ರೆಕಾರ್ಡಿಂಗ್‌ನಲ್ಲಿ ಗೊತ್ತೇ ಆಗಿರಲಿಲ್ಲ, ಮುಂದಿನ ತಿಂಗಳ ಶೋಗೂ ಬರುತ್ತೀರಾ ಅಂತ ಕೇಳಿದರು. ಟಿಕೆಟ್ ಬೇಡವಂತೆ. ಆ ಎಂಜಿನಿಯರ್ ಕೂಡ ಬ್ಯಾಟರಿ ಬಾಕ್ಸ್ ತೆರೆದು ನೋಡಬೇಕು ಅಂದಿದ್ದಾರಂತೆ. ಬಾಕ್ಸ್ ತೋರಿಸುತ್ತೇನೆ. ಟೋಪಿಯ ಒಳಗಡೆ ತೋರಿಸಲ್ಲ.