ಮಳೆಗಾಲದಲ್ಲಿ ಬೆಳಗಿದ ಯುರೋಪಿಯಂ: ನನ್ನ ಅನುಭವ

ವಾಚ್ ಗ್ಲಾಸ್ ಮೇಲಿನ ಪುಡಿ, ಅಂದರೆ ವಿರಳ ಲೋಹ ಯುರೋಪಿಯಂ ಸಾವಯವ ಅಣುಗಳ ಜೊತೆ ಕಟ್ಟಿಕೊಂಡ ಸಂಕೀರ್ಣ, 365 ನ್ಯಾನೋಮೀಟರಿನ ನೇರಳಾತೀತ ಟಾರ್ಚಿನ ಕೆಳಗೆ ಕೆಂಡದಂತೆ ಉರಿಯುವುದನ್ನು ನೋಡಲು ನನಗೆ ಎರಡು ಮಳೆಗಾಲ ಬೇಕಾದವು. ಗ್ಲೋವ್ ಬಾಕ್ಸ್ (ತೇವ ತಾಗದ ಮುಚ್ಚಿದ ಪೆಟ್ಟಿಗೆ) ಇಲ್ಲದೆ, ತೇವ ಹೀರುವ ಲವಣಗಳನ್ನು ಇಟ್ಟುಕೊಂಡು ಕಾಲೇಜಿನ ಪ್ರಯೋಗಾಲಯದಲ್ಲಿ ಇದು ಆಗುವುದಿಲ್ಲ ಎಂದವರು ಬಹಳ ಮಂದಿ. ಆಯಿತು, ಸತತ ಆರು ಬಾರಿ ಆಯಿತು.

ಮೊದಲ ವರ್ಷ ಯುರೋಪಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು ತೂಗಿಯೇ ಕೆಟ್ಟೆ. ಜುಲೈ ತಿಂಗಳಿನಲ್ಲಿ ತಕ್ಕಡಿಯ ಮೇಲಿಟ್ಟ ಲವಣ ಕಣ್ಣೆದುರೇ ಒದ್ದೆಯಾಗುತ್ತಿತ್ತು. ತೂಗಿದ್ದರಲ್ಲಿ ಲೋಹ ಕಡಿಮೆ, ನೀರು ಹೆಚ್ಚು. ಹಾಗಾಗಿ ಲೋಹವನ್ನು ಹಿಡಿಯುವ ಸಾವಯವ ಅಣು ಟಿಟಿಎ (ಥಿನಾಯ್ಲ್ ಟ್ರೈಫ್ಲೋರೋಅಸಿಟೋನ್) ಮಿಕ್ಕಿ, ಅಂಟಂಟಾದ ಹಳದಿ ಪುಡಿ ಸಿಕ್ಕಿತು. ಸರಿಪಡಿಸಲು ಕ್ಷಾರ ಸುರಿದರೆ ಬಿಳಿ ಲೋಳೆಯಂಥ ಹೈಡ್ರಾಕ್ಸೈಡ್ ಬಂತು. ಎರಡು ವರ್ಷಗಳಲ್ಲಿ ನನ್ನ ಕೈಯಿಂದ ಸುಮಾರು 40,000 ರೂಪಾಯಿ ಹೋಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟಿಟಿಎಗೆ. ನಾಲ್ಕನೆಯ ಬಾಟಲಿಗೆ ಹಣ ಕೊಟ್ಟ ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕೊನೆಗೆ ಕ್ಲೋರೈಡನ್ನು ತೂಗುವುದನ್ನೇ ಬಿಟ್ಟೆ. ಯುರೋಪಿಯಂ ಆಕ್ಸೈಡನ್ನು ಬಿಸಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ನೀರಿನ ಆವಿಯ ಮೇಲೆ ಎರಡು ಬಾರಿ ಬತ್ತಿಸಿ ಹೆಚ್ಚುವರಿ ಆಮ್ಲ ಹೋಗಿಸಿದೆ. ನೀರಿನಲ್ಲಿ ಕರಗಿಸಿ ದಾಸ್ತಾನು ದ್ರಾವಣ ಮಾಡಿ, ಲೋಹವನ್ನು ಹಿಡಿಯುವ 0.01 ಮೋಲಾರ್ ಇಡಿಟಿಎ ದ್ರಾವಣದಿಂದ ಅಳೆದೆ: ಬಣ್ಣ ಬದಲಿಸಿ ಸೂಚಿಸುವ ಝೈಲೆನಾಲ್ ಆರೆಂಜ್, ಪಿಎಚ್ ಕಾಯುವ ಹೆಕ್ಸಮೀನ್ ಬಫರ್, ಪಿಎಚ್ ಆರರ ಹತ್ತಿರ. ಕೆಂಪು-ನೇರಳೆ ನಿಂಬೆ ಹಳದಿಗೆ ತಿರುಗಿದಾಗ ಲೋಹವೆಷ್ಟಿದೆ ಎಂಬುದು ಕೈಯಲ್ಲಿರುತ್ತದೆ. ಹೊರಗೆ ಮಳೆ ಎಷ್ಟಾದರೂ ಸುರಿಯಲಿ. ಬಿ.ಎಸ್ಸಿ. ವಿದ್ಯಾರ್ಥಿ ಮಾಡುವ ಟೈಟ್ರೇಷನ್ ನನ್ನ ಎರಡು ವರ್ಷದ ತಲೆನೋವನ್ನು ತೀರಿಸಿತು.

ಉಳಿದದ್ದು ಹೀಗೆ. ಬಿಸಿ ಎಥನಾಲಿನಲ್ಲಿ ಅಣುಗಳ ಲೆಕ್ಕದಲ್ಲಿ ಟಿಟಿಎ ಮೂರು ಪಾಲು, ಲೋಹವನ್ನು ಹಿಡಿಯುವ ಇನ್ನೊಂದು ಅಣು ಫೆನಾಂತ್ರೊಲಿನ್ ಒಂದು ಪಾಲು, ಪಿಎಚ್ ಆರೂವರೆಯ ಆಸುಪಾಸು, ಸುಮಾರು 60 ಡಿಗ್ರಿಯಲ್ಲಿ ಲೋಹದ ದ್ರಾವಣ ಹನಿಹನಿಯಾಗಿ. ಹನಿಗಳ ವೇಗವನ್ನೂ, ಕೊನೆಯ ತೊಳೆಯುವ ದ್ರಾವಕದ ಪ್ರಮಾಣವನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಹಳ ಬೆಲೆ ತೆತ್ತಿದ್ದೇನೆ. ಒಂದು ಗ್ರಾಂ ಆಕ್ಸೈಡಿಗೆ ನಾಲ್ಕು ಗ್ರಾಂ ಮೀರಿ ಪುಡಿ ಸಿಗುತ್ತದೆ.

ಫೆನಾಂತ್ರೊಲಿನ್ ಹಾಕದೆ ಮಾಡಿದ, ಎರಡು ನೀರಿನ ಅಣುಗಳಿರುವ ಸಂಕೀರ್ಣವೂ ಕೆಂಪಾಗಿಯೇ ಹೊಳೆಯುತ್ತದೆ, ಆದರೆ ಮಂಕಾಗಿ. ಬೇರೆಡೆ ಜೀವಿತಾವಧಿ (ಬೆಳಕು ಆರದೆ ಉಳಿಯುವ ಕಾಲ) ಅಳೆಸಿದಾಗ ಅದಕ್ಕೆ ಕಾಲು ಮಿಲಿಸೆಕೆಂಡ್ ಬಂತು. ನೀರನ್ನು ಹೊರದಬ್ಬಿದ ಫೆನಾಂತ್ರೊಲಿನ್ ಸಂಕೀರ್ಣಕ್ಕೆ ಸುಮಾರು 0.9 ಮಿಲಿಸೆಕೆಂಡ್. ಎರಡರಲ್ಲೂ 612 ನ್ಯಾನೋಮೀಟರ್ ಸುತ್ತಲಿನ ಕೆಂಪು ಗೆರೆಯೇ ದೊಡ್ಡದು.

ಅದೇ ಉತ್ಸಾಹದಲ್ಲಿ ಟಿಟಿಎಯನ್ನು ಅದೇ ಬಳಗದ ಲೋಹ ಟರ್ಬಿಯಂ ಜೊತೆಗೂ ಸೇರಿಸಿದೆ. ಕತ್ತಲೆಯಲ್ಲಿ ಹೆಚ್ಚುಕಡಿಮೆ ಕತ್ತಲೆಯೇ ಕಂಡಿತು. ಟರ್ಬಿಯಂನ ಬೆಳಕು ಹೊಮ್ಮುವ ಶಕ್ತಿಮಟ್ಟ 20,500 ತರಂಗಸಂಖ್ಯೆಯಲ್ಲಿದೆ (ಇದು ಶಕ್ತಿಯ ಅಳತೆ), ಲೋಹಕ್ಕೆ ಶಕ್ತಿ ದಾಟಿಸುವ ಟಿಟಿಎಯ ಟ್ರಿಪ್ಲೆಟ್ ಮಟ್ಟ ಕೂಡ ಅಲ್ಲಿಯೇ ಸುತ್ತುತ್ತದೆ. ಕೊಟ್ಟ ಶಕ್ತಿ ವಾಪಸಾಗುತ್ತದೆ. ಅಸಿಟೈಲ್ ಅಸಿಟೋನಿಗೆ ಬದಲಿಸಿದ ಮಧ್ಯಾಹ್ನವೇ 545 ನ್ಯಾನೋಮೀಟರಿನ ಹಸಿರು ಬಂತು. ಅಗ್ಗದ ಲಿಗ್ಯಾಂಡ್ (ಲೋಹವನ್ನು ಹಿಡಿಯುವ ಅಣು), ಚೆಂದದ ಬಣ್ಣ.

ಕಾಂತೀಯ ಅಳತೆ ಕಾಂತದ ಸೆಳೆತವನ್ನು ತೂಗುವ ನಮ್ಮ ಹಳೆಯ ಗೂಯಿ ತಕ್ಕಡಿಯಲ್ಲಿ, ಪಾದರಸ-ಕೋಬಾಲ್ಟ್ ಥಯೋಸಯನೇಟ್ ಮಾನಕವಾಗಿಟ್ಟು. ಯುರೋಪಿಯಂಗೆ 3.2 ಬೋರ್ ಮ್ಯಾಗ್ನೆಟಾನ್ (ಕಾಂತತ್ವದ ಮಾನ) ಬಂದಾಗ ಸಹೋದ್ಯೋಗಿಯೊಬ್ಬರು, ಸೂತ್ರದ ಪ್ರಕಾರ ಸೊನ್ನೆ ಬರಬೇಕು, ಮಾದರಿಯಲ್ಲಿ ಕಬ್ಬಿಣವಿದೆ ಎಂದರು. ನಾನು ಒಪ್ಪಲಿಲ್ಲ. ಕೋಣೆಯ ತಾಪದಲ್ಲಿ ಯುರೋಪಿಯಂನ ಮೇಲಿನ ಶಕ್ತಿಮಟ್ಟವೂ ಭಾಗಶಃ ತುಂಬಿರುತ್ತದೆ, ಹಾಗಾಗಿ 3.4ರ ಸುತ್ತ ಬರುವುದೇ ಸರಿ. ನನಗೆ ಕಡಿಮೆ ಬಂದದ್ದು ಬೇರೆ ಕಾರಣಕ್ಕೆ: ಅಣುತೂಕ ಸಾವಿರದ ಹತ್ತಿರವಿರುವ ಈ ಸಂಕೀರ್ಣಕ್ಕೆ ಪಾಸ್ಕಲ್ ತಿದ್ದುಪಡಿ (ಅಣು ಕಾಂತದಿಂದ ತುಸು ದೂರ ಸರಿಯುವುದರ ಲೆಕ್ಕ) ಸೇರಿಸಿರಲಿಲ್ಲ. ಸೇರಿಸಿದೆ, ಸಂಖ್ಯೆ ಸರಿಹೋಯಿತು. ಅದೇ ಬಳಗದ ಡಿಸ್ಪ್ರೋಸಿಯಂನಲ್ಲಿ ಇಂಥ ಕಷ್ಟವಿಲ್ಲ; ವಾಚನವೇ ದೊಡ್ಡದು, 10.4 ಬಂತು. ಅದರ ಮುಂದಿನ ಕಥೆ ದ್ರವ ಹೀಲಿಯಂನ ಅತಿಶೀತ ತಾಪದಲ್ಲಿದೆ. ಮಾದರಿಯನ್ನು ಗಾಜಿನ ನಳಿಕೆಯಲ್ಲಿ ಬೆಸೆದು ಇಟ್ಟಿದ್ದೇನೆ, ಅಳೆಯಲು ಸರದಿ ಕೇಳಿದ್ದೇನೆ.