ಫೋರ್ಕ್ ಬಿಟ್ಟು ಪಿಆರ್ ಹಾಕಿದ ಕಥೆ (ನನ್ನ ಅನುಭವ)

ನಾವು ಬಳಸೋ ಯುಐ ಲೈಬ್ರರಿಗೆ (ಬಟನ್ನು, ಲಿಸ್ಟು ಥರದ ರೆಡಿಮೇಡ್ ಕೋಡು) ಪಿಆರ್ (ನಮ್ಮ ತಿದ್ದುಪಡಿ ಸೇರಿಸ್ಕೊಳ್ಳಿ ಅಂತ ಅದನ್ನ ಬರೆದೋರಿಗೇ ಕಳಿಸೋದು) ಹಾಕ್ತೀನಿ, ಫೋರ್ಕ್ (ಕೋಡಿನ ಸ್ವಂತ ಪ್ರತಿ) ಮಾಡಲ್ಲ ಅಂದಾಗ ಟೀಮಲ್ಲಿ ಎಲ್ಲರೂ ನಕ್ಕಿದ್ರು, ಅದು ಮರ್ಜ್ ಆಗೋ ಹೊತ್ತಿಗೆ ಪ್ರಾಜೆಕ್ಟೇ ಮುಗಿದಿರುತ್ತೆ ಅಂತ. ಈಗ ನನ್ನ ಫಿಕ್ಸು ನಕ್ಕೋರ ನೋಡ್ ಮಾಡ್ಯೂಲ್ಸ್ (ಲೈಬ್ರರಿಗಳು ಇಳಿಯೋ ಫೋಲ್ಡರ್) ಒಳಗೂ ಕೂತಿದೆ, ಅದಕ್ಕೇ ಬರೀತಿದೀನಿ.

ನಾನೂ ಮೊದಲು ಫೋರ್ಕ್ ಪಾರ್ಟಿನೇ. ಹಿಂದಿನ ಪ್ರಾಜೆಕ್ಟಲ್ಲಿ ಡೇಟ್ ಪಿಕ್ಕರ್ ಸರಿ ಇಲ್ಲ ಅಂತ ಇಡೀ ಲೈಬ್ರರಿ ಫೋರ್ಕ್ ಮಾಡಿ ಏಳೆಂಟು ಕಡೆ ಕೈ ಹಾಕಿದ್ದೆ, ಆಮೇಲೆ ಆ ಲೈಬ್ರರಿಯವ್ರು ಮೇಜರ್ ವರ್ಷನ್ನಲ್ಲಿ ಸ್ಟೈಲಿಂಗ್ ಎಂಜಿನ್ನೇ ಬದಲಾಯಿಸಿಬಿಟ್ರು. ರೀಬೇಸ್ ಮಾಡಕ್ಕೆ (ನನ್ನ ಬದಲಾವಣೆನ ಅವ್ರ ಹೊಸ ಕೋಡಿನ ಮೇಲೆ ಕೂರಿಸಕ್ಕೆ) ಹೋದ್ರೆ ಕಾನ್‌ಫ್ಲಿಕ್ಟ್ ಮೇಲೆ ಕಾನ್‌ಫ್ಲಿಕ್ಟು, ಮೂರು ವಾರ ಹೋಯ್ತು. ಫಿಕ್ಸೆಡ್ ರೇಟಿಗೆ ಒಪ್ಕೊಂಡಿದ್ದ ಕೆಲಸ, ಆ ಮೂರು ವಾರಕ್ಕೆ ಬಿಡಿಗಾಸು ಹುಟ್ಟಲಿಲ್ಲ. ಎಂಐಟಿ ಲೈಸೆನ್ಸು (ಯಾರು ಬೇಕಾದ್ರೂ ಬಳಸ್ಬಹುದು, ತಿದ್ಬಹುದು ಅನ್ನೋ ಪರವಾನಗಿ) ಫ್ರೀ ಫ್ರೀ ಅಂತೀವಲ್ಲ, ಆ ಪ್ರಾಜೆಕ್ಟಿನ ಲಾಭದಲ್ಲಿ ಹೆಚ್ಚುಕಮ್ಮಿ ಅರ್ಧ ಆ ಫ್ರೀನೇ ತಿಂದುಹಾಕ್ತು.

ಈ ಸಲ ಗೋಳು ಆಟೋಕಂಪ್ಲೀಟ್‌ದು (ಟೈಪ್ ಮಾಡ್ತಿದ್ದ ಹಾಗೆ ಸಲಹೆಗಳ ಲಿಸ್ಟ್ ತೋರಿಸೋ ಬಾಕ್ಸು). ಜಪಾನೀಸ್ ಟೈಪ್ ಮಾಡೋರು ಅಕ್ಷರ ಖಾಯಂ ಮಾಡಕ್ಕೆ ಎಂಟರ್ ಒತ್ತಿದ್ರೆ ಲಿಸ್ಟಲ್ಲಿ ಹೈಲೈಟ್ ಆಗಿರೋ ಐಟಮ್ಮು ಸೆಲೆಕ್ಟ್ ಆಗ್ಬಿಡೋದು. ಮೊದಲನೇ ಪಿಆರ್‌ನ ಆತುರದಲ್ಲಿ ಹಾಕ್ದೆ, ನನ್ನ ಎಡಿಟರ್ ಫಾರ್ಮ್ಯಾಟ್ ಆನ್ ಸೇವ್ (ಸೇವ್ ಮಾಡಿದಾಗ ಕೋಡಿನ ಜೋಡಣೆ ತಾನೇ ಬದಲಾಗೋದು) ಇಟ್ಟಿದ್ದಕ್ಕೆ ಮೂವತ್ತು ಚಿಲ್ಲರೆ ಫೈಲ್ ಬದಲಾಗಿತ್ತು, ನಾನು ನೋಡೇ ಇಲ್ಲ. ಲೈಬ್ರರಿಯವ್ರು ಎರಡು ಸಾಲಿನ ಕಾಮೆಂಟ್ ಬರೆದು ಕ್ಲೋಸ್ ಮಾಡಿದ್ರು. ಸರಿಯಾಗೇ ಮಾಡಿದ್ರು ಅನ್ಸುತ್ತೆ ಈಗ.

ಎರಡನೇ ಸಲ ಬರೀ ಇಸ್‌ಕಂಪೋಸಿಂಗ್ (ಅಕ್ಷರ ಇನ್ನೂ ಖಾಯಂ ಆಗಿಲ್ಲ ಅಂತ ಹೇಳೋ ಫ್ಲಾಗ್) ಚೆಕ್ ಹಾಕ್ದೆ. ಕ್ರೋಮಲ್ಲಿ ಸಲೀಸು, ಸಫಾರೀಲಿ ಮತ್ತದೇ ರಾಗ. ರಾತ್ರಿ ಕೂತು ಒಂದೊಂದೇ ಇವೆಂಟ್ ಕನ್ಸೋಲಿಗೆ ಪ್ರಿಂಟ್ ಮಾಡಿದೆ, ಆಗ ಗೊತ್ತಾಗಿದ್ದು: ಸಫಾರೀಲಿ ಕಂಪೋಸಿಷನ್‌ಎಂಡ್ (ಅಕ್ಷರ ಖಾಯಂ ಆಯ್ತು ಅನ್ನೋ ಇವೆಂಟ್) ಮೊದಲು ಬರುತ್ತೆ, ಎಂಟರಿನ ಕೀಡೌನ್ (ಕೀಲಿ ಒತ್ತಿದ ಇವೆಂಟ್) ಆಮೇಲೆ ಬರುತ್ತೆ, ಅಷ್ಟೊತ್ತಿಗೆ ಆ ಫ್ಲಾಗ್ ಫಾಲ್ಸ್ ಆಗಿರುತ್ತೆ. ಆದ್ರೆ ಕೀಕೋಡ್ (ಕೀಲಿಯ ನಂಬರ್) ಮಾತ್ರ ಮಾಮೂಲಿ ಎಂಟರಿನ 13 ಅಲ್ಲ, 229. ಎರಡನ್ನೂ ನೋಡ್ಬೇಕು ಅಷ್ಟೇ. ಕೀಕೋಡ್ ಡೆಪ್ರಿಕೇಟೆಡ್ (ಇನ್ಮುಂದೆ ಬಳಸ್ಬೇಡಿ ಅಂತ ಹೇಳಿರೋದು) ಅಲ್ವಾ ಅಂತ ರಿವ್ಯೂಲಿ ಆಕ್ಷೇಪ ಬಂತು, ನಾನು ವಾದಕ್ಕೆ ಇಳೀಲಿಲ್ಲ, ಎರಡೂ ಬ್ರೌಸರಿನ ಲಾಗು ಅಕ್ಕಪಕ್ಕ ಇಟ್ಟು ಅಂಟಿಸಿದೆ. ಮೊದಲ ಕಮಿಟ್‌ನಲ್ಲಿ (ಒಂದು ಕಂತಿನ ಬದಲಾವಣೇಲಿ) ಫೇಲ್ ಆಗೋ ಟೆಸ್ಟ್ ಒಂದೇ, ಸಿಐ (ಟೆಸ್ಟ್‌ಗಳನ್ನ ತಾನೇ ಓಡಿಸೋ ವ್ಯವಸ್ಥೆ) ಕೆಂಪು. ಎರಡನೇ ಕಮಿಟ್‌ನಲ್ಲಿ ಫಿಕ್ಸು, ಹಸಿರು. ಟೆಸ್ಟ್ ಬಿಟ್ರೆ ಬದಲಾವಣೆ ನಾಲ್ಕೈದು ಸಾಲು ಇರ್ಬೇಕು. ಕಾಮೆಂಟಿಗೆ ಬೇಗ ಉತ್ತರ ಬರೋ ಹಾಗೆ ಮಾಡೋಕೆ ಒಂದು ಉಪಾಯ ಇಟ್ಕೊಂಡಿದೀನಿ, ಅದನ್ನ ಇಲ್ಲಿ ಬಿಚ್ಚಲ್ಲ, ಎಲ್ಲರೂ ಮಾಡಿದ್ರೆ ಅದು ಕೆಲಸ ಮಾಡಲ್ಲ.

ಮರ್ಜ್‌ಗೆ ಕಾಯೋವಾಗ ಪ್ಯಾಚ್-ಪ್ಯಾಕೇಜ್ (ಇಳಿಸಿಕೊಂಡ ಲೈಬ್ರರಿಗೆ ನಮ್ಮ ತಿದ್ದುಪಡಿ ಹಚ್ಚೋ ಟೂಲ್) ಹಾಕಿ, ಕ್ಯಾರೆಟ್ (ಹೊಸ ವರ್ಷನ್ ತಾನೇ ಬರಲಿ ಅನ್ನೋ ^ ಗುರುತು) ತೆಗೆದು ವರ್ಷನ್ ಪಿನ್ ಮಾಡಿದ್ದೆ. ಅಲ್ಲೂ ಒಂದು ದಿನ ಹಾಳು. ಲೈಬ್ರರಿ ಇಎಸ್‌ಎಂ, ಕಾಮನ್‌ಜೆಎಸ್ ಅಂತ ಎರಡು ರೂಪದಲ್ಲಿ ಬರುತ್ತೆ, ನಾನು ಇಎಸ್‌ಎಂ ಬಿಲ್ಡಿಗೆ ಮಾತ್ರ ಪ್ಯಾಚ್ ಮಾಡಿ ಕಾಮನ್‌ಜೆಎಸ್ ಮರ್ತಿದ್ದೆ, ಬ್ರೌಸರಲ್ಲಿ ಎಲ್ಲ ಸರಿ, ಜೆಸ್ಟಲ್ಲಿ (ಟೆಸ್ಟ್ ಓಡಿಸೋ ಟೂಲ್) ಮಾತ್ರ ಹಳೇ ಬಗ್ಗು, ತಲೆ ಕೆಟ್ಟೋಯ್ತು.

ಮಧ್ಯೆ ಶಾಡ್‌ಸಿಎನ್ (ಕಂಪೊನೆಂಟುಗಳ ಕೋಡನ್ನ ಕಾಪಿ ಮಾಡ್ಕೊಳ್ಳೋಕೆ ಕೊಡೋ ಸಂಗ್ರಹ) ಥರ ಕೋಡನ್ನೇ ನಮ್ಮ ರೆಪೋಗೆ (ಪ್ರಾಜೆಕ್ಟಿನ ಕೋಡಿರೋ ಜಾಗ) ಕಾಪಿ ಮಾಡ್ಕೊಂಡೂ ನೋಡ್ದೆ, ಹತ್ತು ಹನ್ನೆರಡು ಕಂಪೊನೆಂಟು. ಬಟನ್ನು ಕಾರ್ಡಿಗೆ ಚೆನ್ನಾಗೇ ಇದೆ, ಆದ್ರೆ ಡೈಲಾಗು ಡ್ರಾಪ್‌ಡೌನ್‌ಗಳ ಕೀಬೋರ್ಡ್ ನಡವಳಿಕೆ ಎಲ್ಲ ಒಳಗಡೆ ರಾಡಿಕ್ಸ್ ಅಂಥ ಬೇರೆ ಲೈಬ್ರರೀಲಿ ಇರುತ್ತೆ, ಬಗ್ ಅಲ್ಲಿದ್ರೆ ಮತ್ತೆ ಪಿಆರೇ ಗತಿ. ಆ ಬ್ರಾಂಚ್ ಬಿಟ್ಟೆ.

ಐದು ವಾರ ಆಯ್ತು ಅನ್ಸುತ್ತೆ, ಮರ್ಜ್ ಆಯ್ತು. ನನ್ನ ಸಮಯ ಒಟ್ಟು ಎರಡೂವರೆ ದಿನ, ಅದನ್ನೂ ಈ ಸಲ ಕ್ಲೈಂಟಿಗೆ ಮೊದಲೇ ಹೇಳಿ ಬಿಲ್ಲಿಗೆ ಸೇರಿಸಿದ್ದೆ, ದುಡ್ಡು ಬಂತು. ಮುಂದಿನ ವರ್ಷನ್ ಬಂದ ದಿನ ಅಪ್‌ಗ್ರೇಡ್ ಮಾಡಿ ಪ್ಯಾಚ್ ಫೈಲ್ ಡಿಲೀಟ್ ಮಾಡಿದೆ, ಆ ಕಮಿಟ್ಟಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನನ್ನೇ ರಿವ್ಯೂವರ್ ಹಾಕ್ದೆ. ಒಂದು ಮಾತೂ ಆಡದೆ ಅಪ್ರೂವ್ ಒತ್ತಿದ.