ಔಟ್‌ಲುಕ್‌ನ ಹಳೆಯ ಮೇಲ್ ಥಂಡರ್‌ಬರ್ಡ್‌ನಲ್ಲಿ: ನಾನು ಮಾಡಿದ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈಗ ಇರುವುದು ಕೈಟ್ ಗ್ನೂ/ಲಿನಕ್ಸ್ (ಕೇರಳದ ಶಾಲೆಗಳಿಗಾಗಿ ಮಾಡಿದ ಆಪರೇಟಿಂಗ್ ಸಿಸ್ಟಂ) ಹಾಕಿದ ಲ್ಯಾಪ್‌ಟಾಪ್‌ಗಳು. ವಿಂಡೋಸ್ ಕಾಲದ ಪತ್ರವ್ಯವಹಾರ ಮಾತ್ರ ಔಟ್‌ಲುಕ್ ತನ್ನ ಮೇಲ್‌ಗಳನ್ನೆಲ್ಲ ತುಂಬಿಡುವ ಪಿಎಸ್‌ಟಿ ಫೈಲಿನಲ್ಲೇ ಉಳಿದಿರುತ್ತದೆ. ಥಂಡರ್‌ಬರ್ಡ್ ಎಂಬ ಉಚಿತ ಮೇಲ್ ತಂತ್ರಾಂಶ ಅದನ್ನು ನೇರವಾಗಿ ಓದುವುದಿಲ್ಲ. ವಿಂಡೋಸ್‌ನಲ್ಲಿ ಅದರ ಇಂಪೋರ್ಟ್ ಮೆನು ಕೆಲಸ ಮಾಡಬೇಕಾದರೂ ಅದೇ ಯಂತ್ರದಲ್ಲಿ ಔಟ್‌ಲುಕ್ ಇರಬೇಕು. ದುಡ್ಡು ಕೊಟ್ಟು ಕನ್ವರ್ಟರ್ ತರಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ದಂಡ.

ಕೈಟ್ ಉಬುಂಟುವಿನ ಮೇಲೆ ಕಟ್ಟಿದ್ದಾದ್ದರಿಂದ 'ಪಿಎಸ್‌ಟಿ-ಯುಟಿಲ್ಸ್' ಪ್ಯಾಕೇಜನ್ನು ಆಪ್ಟ್‌ನಿಂದ (ಉಬುಂಟುವಿನಲ್ಲಿ ತಂತ್ರಾಂಶ ಹಾಕುವ ಆಜ್ಞೆ) ಹಾಕಿಕೊಂಡರೆ, ಪಿಎಸ್‌ಟಿಯಿಂದ ಮೇಲ್‌ಗಳನ್ನು ಹೊರತೆಗೆಯುವ 'ರೀಡ್‌ಪಿಎಸ್‌ಟಿ' ಸಿಗುತ್ತದೆ. ಮೊದಲು ಮೂಲ ಫೈಲಿನ ಪ್ರತಿ ಮಾಡಿ, ಪ್ರತಿಯ ಮೇಲೆ ಮಾತ್ರ ಕೆಲಸ. ಡಿಸ್ಕ್ ಜಾಗವನ್ನು ಧಾರಾಳವಾಗಿ ಇಟ್ಟುಕೊಳ್ಳಿ: ಲಗತ್ತುಗಳು ಬೇಸ್64 ಎಂಬ ಅಕ್ಷರರೂಪಕ್ಕೆ ಹೋಗುವಾಗ ಸುಮಾರು ಮೂರನೇ ಒಂದು ಪಾಲು ಉಬ್ಬುತ್ತವೆ. 3 ಜಿಬಿಯ ಪಿಎಸ್‌ಟಿ 4 ಜಿಬಿಯ ಹತ್ತಿರ ಬಂದರೆ ಆಶ್ಚರ್ಯವಿಲ್ಲ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಬೇಕು.

ರೀಡ್‌ಪಿಎಸ್‌ಟಿಗೆ ನಾನು ಕೊಡುವ ಆಯ್ಕೆಗಳು ಮೂರು. ಸಣ್ಣ 'ಆರ್' ಫೋಲ್ಡರ್‌ಗಳ ಒಳಹೊರಗನ್ನು ಇದ್ದಂತೆ ಉಳಿಸುತ್ತದೆ. ಸಣ್ಣ 'ಓ' ಎಲ್ಲಿ ಬರೆಯಬೇಕು ಎಂಬುದಕ್ಕೆ. ಆ ಫೋಲ್ಡರ್ ಮೊದಲೇ ಇರಬೇಕು. ದೊಡ್ಡ 'ಡಿ' ಅಳಿಸಿದ ಮೇಲ್‌ಗಳಿಗೆ. ಇದನ್ನು ಬಿಟ್ಟರೆ ಡಿಲೀಟೆಡ್ ಐಟಮ್ಸ್ ಬರುವುದೇ ಇಲ್ಲ. ಕಚೇರಿಗಳಲ್ಲಿ ಆ ಫೋಲ್ಡರನ್ನೇ ಕಪಾಟಿನಂತೆ ಬಳಸುವವರು ಕಡಿಮೆಯೇನಲ್ಲ!

ಓಡುವಾಗ ಪ್ರತಿ ಫೋಲ್ಡರ್‌ಗೂ ಎಷ್ಟು ಐಟಂ ಮುಗಿಯಿತು, ಎಷ್ಟು ಬಿಟ್ಟುಹೋಯಿತು ಎಂದು ತೋರಿಸುತ್ತದೆ. ಈ ಸಾಲುಗಳನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ, ಕೊನೆಗೆ ತಾಳೆ ನೋಡಲು ಬೇಕು.

ಹೊರಬರುವುದು ಪ್ರತಿ ಫೋಲ್ಡರ್‌ನೊಳಗೆ 'ಎಂಬಾಕ್ಸ್' ಎಂಬ ಹೆಸರಿನ ಒಂದೊಂದು ಫೈಲು. ಥಂಡರ್‌ಬರ್ಡ್‌ನ ಕಟ್ಟಡವೇ ಬೇರೆ, ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಅದಕ್ಕೆ ಮೇಲ್ ಇರುವ ಫೈಲಿನ ಹೆಸರೇ ಫೋಲ್ಡರ್‌ನ ಹೆಸರು, ಹಿಂದೆ ಯಾವ ಎಕ್ಸ್‌ಟೆನ್ಷನ್ನೂ ಬೇಡ. ಉಪಫೋಲ್ಡರ್‌ಗಳು ಅದೇ ಹೆಸರಿಗೆ 'ಡಾಟ್ ಎಸ್‌ಬಿಡಿ' ಸೇರಿಸಿದ ಡೈರೆಕ್ಟರಿಯಲ್ಲಿ ಇರಬೇಕು. ಅಂದರೆ 'ಇನ್‌ಬಾಕ್ಸ್' ಡೈರೆಕ್ಟರಿಯೊಳಗಿನ ಎಂಬಾಕ್ಸ್ ಫೈಲು ಹೊರಗೆ ಬಂದು 'ಇನ್‌ಬಾಕ್ಸ್' ಎಂಬ ಫೈಲಾಗುತ್ತದೆ, ಡೈರೆಕ್ಟರಿ 'ಇನ್‌ಬಾಕ್ಸ್ ಡಾಟ್ ಎಸ್‌ಬಿಡಿ' ಆಗುತ್ತದೆ. ಮೇಲಿನ ಫೋಲ್ಡರ್‌ನಲ್ಲಿ ಮೇಲ್ ಏನೂ ಇಲ್ಲದಿದ್ದರೂ ಆ ಹೆಸರಿನ ಖಾಲಿ ಫೈಲೊಂದನ್ನು ಇಡಲೇಬೇಕು. ಇಲ್ಲದಿದ್ದರೆ ಒಳಗಿನದ್ದು ಯಾವುದೂ ಕಾಣುವುದಿಲ್ಲ.

ಇಡುವ ಜಾಗ ಪ್ರೊಫೈಲ್‌ನೊಳಗಿನ (ಥಂಡರ್‌ಬರ್ಡ್ ತನ್ನದೆಲ್ಲವನ್ನೂ ಇಟ್ಟುಕೊಳ್ಳುವ ಫೋಲ್ಡರ್) 'ಮೇಲ್', ಅದರೊಳಗೆ 'ಲೋಕಲ್ ಫೋಲ್ಡರ್ಸ್'. ಉಬುಂಟುವಿನ ಸ್ನ್ಯಾಪ್ ಪ್ಯಾಕೇಜ್ ಆಗಿ ಬರುವ ಆವೃತ್ತಿಯಲ್ಲಿ ಪ್ರೊಫೈಲ್ ಬೇರೆ ಕಡೆ ಇರುತ್ತದೆ, ಆದ್ದರಿಂದ ಹುಡುಕುತ್ತಾ ಕೂರದೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಿಂದಲೇ ತೆರೆಯಿರಿ. ನಕಲು ಮಾಡುವಾಗ ಥಂಡರ್‌ಬರ್ಡ್ ಮುಚ್ಚಿರಬೇಕು. ಮತ್ತೆ ತೆರೆದು ಫೋಲ್ಡರ್ ಕ್ಲಿಕ್ಕಿಸಿದಾಗ 'ಎಂಎಸ್‌ಎಫ್' ಸೂಚಿ ತಾನಾಗಿ ತಯಾರಾಗುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಲ್ಯಾಪ್‌ಟಾಪೇ ಒಳ್ಳೆಯದು, ನಮ್ಮೂರ ಕರೆಂಟನ್ನು ನಂಬುವಂತಿಲ್ಲ. ನಡುವೆ ನಿಂತರೂ ಹೆದರಬೇಕಿಲ್ಲ: ಎಂಎಸ್‌ಎಫ್ ಅಳಿಸಿದರೆ ಹೊಸದು ಹುಟ್ಟುತ್ತದೆ, ಮೇಲ್ ಇರುವುದು ಅದರಲ್ಲಲ್ಲ.

ಇನ್ನು ಭಾಷೆ. 2002ರವರೆಗಿನ ಔಟ್‌ಲುಕ್‌ನ ಪಿಎಸ್‌ಟಿ ಯೂನಿಕೋಡ್ ಅಲ್ಲ, ಅದರ ಮಿತಿಯೂ 2 ಜಿಬಿ. ವಿಂಡೋಸ್‌ನಲ್ಲಿ ಕನ್ನಡಕ್ಕಾಗಲಿ ಮಲಯಾಳಕ್ಕಾಗಲಿ ಆನ್ಸಿ ಕೋಡ್‌ಪೇಜ್ (ಯೂನಿಕೋಡ್‌ಗೆ ಮುಂಚಿನ ಅಕ್ಷರಸಂಕೇತಗಳ ಪಟ್ಟಿ) ಇಲ್ಲದ ಕಾರಣ ಅಂಥ ಫೈಲಿನಲ್ಲಿ ಯೂನಿಕೋಡ್ ವಿಷಯಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂತಿರುತ್ತದೆ. ಅದು ಪಿಎಸ್‌ಟಿಯಲ್ಲೇ ಆದ ನಷ್ಟ, ಯಾವ ಕನ್ವರ್ಟರ್ ತಂದರೂ ಅಕ್ಷರ ಮರಳಿ ಬರುವುದಿಲ್ಲ.

ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಮೇಲ್‌ಗಳದ್ದು ಬೇರೆ ಕಥೆ. ಇಂಗ್ಲಿಷ್ ಅಕ್ಷರಗಳ ಗೋಜಲಿನಂತೆ ಕಂಡರೂ ಒಳಗಿನ ಪಠ್ಯ ಕೆಟ್ಟಿರುವುದಿಲ್ಲ. ಇಂಥವು ಹೆಚ್ಚಿದ್ದರೆ ರೀಡ್‌ಪಿಎಸ್‌ಟಿಗೆ ದೊಡ್ಡ 'ಸಿ' ಆಯ್ಕೆಯಲ್ಲಿ ವಿಂಡೋಸ್-1252 ಎಂಬ ಅಕ್ಷರಸಂಕೇತದ ಹೆಸರು ಕೊಡಿ. ಎಚ್‌ಟಿಎಂಎಲ್ ಮೇಲ್ ಆದರೆ 'ನುಡಿ 01 ಇ' ಫಾಂಟ್ ಹಾಕಿದೊಡನೆ ಓದಬಹುದು, ಥಂಡರ್‌ಬರ್ಡ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಮೇಲ್‌ಗಳು ತಮ್ಮದೇ ಫಾಂಟ್ ಬಳಸಲು ಅನುಮತಿ ಇದ್ದರೆ ಸಾಕು. ಸಾದಾ ಪಠ್ಯವನ್ನು ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸಬೇಕು. ಎಂಎಲ್-ಟಿಟಿ ಕಾರ್ತಿಕ ಎಂಬ ಹಳೆಯ ಮಲಯಾಳ ಫಾಂಟ್‌ನಲ್ಲಿ ಬಂದ ಮಲಯಾಳ ಸುತ್ತೋಲೆಗಳ ಪಾಡೂ ಇದೇ. ಫಾಂಟ್ ಹಾಕಿ ಓದಿದರೂ ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಪದ ಹೊಡೆದರೆ ಈ ಮೇಲ್‌ಗಳು ಸಿಗುವುದಿಲ್ಲ. ಹಾಗಾಗಿ ಮುಖ್ಯವಾದವಕ್ಕೆ ಟ್ಯಾಗ್ ಹಾಕಿಡುತ್ತೇನೆ.

ಕೊನೆಗೆ ಥಂಡರ್‌ಬರ್ಡ್‌ನ ಫೋಲ್ಡರ್ ಪಟ್ಟಿಯಲ್ಲಿ ಒಟ್ಟು ಸಂಖ್ಯೆ ಕಾಣುವಂತೆ ಮಾಡಿ, ಉಳಿಸಿಟ್ಟ ಸಾಲುಗಳೊಂದಿಗೆ ತಾಳೆ ನೋಡಿ. ಥಂಡರ್‌ಬರ್ಡ್‌ನಲ್ಲಿ ಹೆಚ್ಚಿಗೆ ಇದ್ದು, ಕಳುಹಿಸಿದವರ ಹೆಸರೂ ದಿನಾಂಕವೂ ಇಲ್ಲದ ಮೇಲ್ ಕಂಡರೆ 'ಫ್ರಮ್' ಎಂದು ಶುರುವಾದ ಸಾಲಿನಲ್ಲಿ ಮೇಲ್ ಎರಡಾಗಿ ಒಡೆದಿದೆ ಎಂದರ್ಥ. ಎಂಬಾಕ್ಸ್‌ನಲ್ಲಿ ಒಂದು ಮೇಲ್‌ನಿಂದ ಇನ್ನೊಂದನ್ನು ಬೇರ್ಪಡಿಸುವುದು ಆ ಪದವೇ. ಟೆಕ್ಸ್ಟ್ ಎಡಿಟರ್‌ನಲ್ಲಿ ಆ ಸಾಲಿನ ಮುಂದೆ ಒಂದು 'ಹೆಚ್ಚು' ಚಿಹ್ನೆ (>) ಸೇರಿಸಿ, ಎಂಎಸ್‌ಎಫ್ ಅಳಿಸಿ ಮತ್ತೆ ತೆರೆದರೆ ಎರಡೂ ತುಂಡು ಒಂದಾಗುತ್ತವೆ.